ಯುರೋಪಿನಲ್ಲಿ ಕೊಂಡ ವಸ್ತುಗಳ ತೆರಿಗೆಯನ್ನು ಮರಳಿ ಪಡೆಯುವುದು: ಅಂಗಡಿಯಿಂದ ಕಸ್ಟಮ್ಸ್ ಮುದ್ರೆಯವರೆಗೆ

ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ 1,200 ಯೂರೋ ಕೊಟ್ಟು ಕೈಗಡಿಯಾರವೊಂದನ್ನು ಕೊಂಡರೆ, ಆ ಮೊತ್ತದಲ್ಲಿ 200 ಯೂರೋ ಫ್ರಾನ್ಸ್ ಸರ್ಕಾರಕ್ಕೆ ಸೇರಬೇಕಾದ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಆಗಿರುತ್ತದೆ. ಅಲ್ಲಿನ ಬೆಲೆಚೀಟಿಗಳಲ್ಲಿ ತೆರಿಗೆ ಮೊದಲೇ ಸೇರಿಕೊಂಡಿರುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಸ್ತು ಆ ನಾಡಿನಲ್ಲೇ ಬಳಕೆಯಾಗುತ್ತದೆ ಎಂಬ ನೆಲೆಯಲ್ಲಿ ಹಾಕುವ ತೆರಿಗೆ ಇದು. ವಸ್ತು ಬಳಕೆಯಾಗದೆ ಪ್ರವಾಸಿಯ ಪೆಟ್ಟಿಗೆಯಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟುಹೋಗುವುದಾದರೆ ತೆರಿಗೆಗೆ ಆಧಾರ ಉಳಿಯುವುದಿಲ್ಲ. ಆದ್ದರಿಂದಲೇ ಐರೋಪ್ಯ ಒಕ್ಕೂಟದ ದೇಶಗಳು ಹೊರಗಿನಿಂದ ಬಂದ ಪ್ರವಾಸಿಗರಿಗೆ ಈ ತೆರಿಗೆಯನ್ನು ಹಿಂದಿರುಗಿಸುತ್ತವೆ.

ಈ ಕಾರಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಅಂಗಡಿಯವರು ಕೊಡುವ ಫಾರಂ ಕೇವಲ ಕೋರಿಕೆ. ವಸ್ತು ಒಕ್ಕೂಟದ ಗಡಿಯನ್ನು ದಾಟಿ ಹೊರಗೆ ಹೋಗುತ್ತಿದೆ ಎಂದು ಕಸ್ಟಮ್ಸ್ ಇಲಾಖೆ ಒಪ್ಪಿಕೊಂಡ ಮೇಲಷ್ಟೇ ಅದಕ್ಕೆ ಹಣದ ಬೆಲೆ ಬರುತ್ತದೆ. ನನ್ನ ಮೊದಲ ಯುರೋಪ್ ಪ್ರವಾಸದಲ್ಲಿ ಇದು ನನಗೆ ತಿಳಿದಿರಲಿಲ್ಲ. ಸೂಟ್‌ಕೇಸನ್ನು ವಿಮಾನ ಸಂಸ್ಥೆಯ ಬೆಲ್ಟಿನ ಮೇಲೆ ಇಟ್ಟು, ಭದ್ರತಾ ತಪಾಸಣೆಯನ್ನೂ ಮುಗಿಸಿ, ಆಮೇಲೆ ಮೂರು ಫಾರಂಗಳನ್ನು ಹಿಡಿದು ಕಸ್ಟಮ್ಸ್ ಕೌಂಟರನ್ನು ಹುಡುಕಿದಾಗ, ಅಲ್ಲಿದ್ದ ಅಧಿಕಾರಿ ವಸ್ತುಗಳನ್ನು ತೋರಿಸಿ ಎಂದು ಕೇಳಿದರು. ವಸ್ತುಗಳು ಆಗಲೇ ವಿಮಾನದ ಹೊಟ್ಟೆ ಸೇರಿದ್ದವು. ಆ ಮೂರು ಫಾರಂಗಳು ಮುದ್ರೆಯಿಲ್ಲದೆ ಇಂದಿಗೂ ನನ್ನ ಬಳಿ ಇವೆ. ಅಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂಬ ಕಳಕಳಿಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಫ್ರಾನ್ಸನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ನಮ್ಮವರು ಹೆಚ್ಚಾಗಿ ಹೋಗುವ ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್‌ಗಳ ವ್ಯತ್ಯಾಸಗಳನ್ನು ಜೊತೆಜೊತೆಗೆ ಹೇಳುತ್ತೇನೆ.

ಯಾರಿಗೆ ಈ ಹಕ್ಕು ಇದೆ

ಇಲ್ಲಿ ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ವಾಸಸ್ಥಳವನ್ನು. ಐರೋಪ್ಯ ಒಕ್ಕೂಟದ ಹೊರಗೆ ಖಾಯಂ ವಾಸವಿರುವವರಿಗೆ ಮಾತ್ರ ತೆರಿಗೆ ಮರಳುತ್ತದೆ. ಮ್ಯೂನಿಕ್, ಡಬ್ಲಿನ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಕೆಲಸದ ಪರವಾನಗಿಯ ಮೇಲೆ ನೆಲೆಸಿರುವ ಕನ್ನಡಿಗರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೂ ಅವರು ಒಕ್ಕೂಟದ ನಿವಾಸಿಗಳಾದ್ದರಿಂದ ಅವರಿಗೆ ಈ ಸೌಲಭ್ಯ ಇಲ್ಲ. ಅವರನ್ನು ನೋಡಲು ಊರಿನಿಂದ ಬಂದ ತಂದೆತಾಯಿಗಳಿಗೆ ಇದೆ. ಆದರೆ ಅಲ್ಲೂ ಒಂದು ಎಚ್ಚರಿಕೆ ಬೇಕು. ಮಗನ ಮನೆಗೆ ಬೇಕಾದ ಕಾಫಿ ಯಂತ್ರವನ್ನು ಅಪ್ಪನ ಪಾಸ್‌ಪೋರ್ಟಿನಲ್ಲಿ ಕೊಂಡು, ತೆರಿಗೆ ಹಿಂಪಡೆದು, ಯಂತ್ರವನ್ನು ಅಲ್ಲಿಯೇ ಬಿಟ್ಟು ಬರುವುದು ಕಾನೂನಿನ ಕಣ್ಣಿಗೆ ವಂಚನೆ. ಕಸ್ಟಮ್ಸ್‌ನವರು ವಸ್ತುವನ್ನು ಕೇಳಿದಾಗ ಅದು ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಮರುಪಾವತಿ ತಪ್ಪುವುದು ಮಾತ್ರವಲ್ಲ, ದಂಡವನ್ನೂ ಕಟ್ಟಬೇಕಾಗುತ್ತದೆ. ವಯಸ್ಸಾದ ಹಿರಿಯರನ್ನು ವಿದೇಶದ ವಿಮಾನ ನಿಲ್ದಾಣದಲ್ಲಿ ಇಂಥ ಮುಜುಗರಕ್ಕೆ ದೂಡಬಾರದು.

ಬ್ರಿಟನ್ನಿನಲ್ಲಿ ನೆಲೆಸಿರುವವರ ಸ್ಥಿತಿ 2021ರಿಂದ ಬದಲಾಗಿದೆ. ಬ್ರಿಟನ್ ಒಕ್ಕೂಟದಿಂದ ಹೊರಬಂದದ್ದರಿಂದ ಲಂಡನ್ನಿನ ಕನ್ನಡಿಗರು ಪ್ಯಾರಿಸ್ಸಿನಲ್ಲಿ ಕೊಂಡದ್ದಕ್ಕೆ ಈಗ ತೆರಿಗೆಯನ್ನು ಮರಳಿ ಪಡೆಯಬಹುದು. ಯೂರೋಸ್ಟಾರ್ ರೈಲಿನಲ್ಲಿ ಹಿಂದಿರುಗುವವರು ಗಾರ್ ದು ನಾರ್ ನಿಲ್ದಾಣದಲ್ಲಿಯೇ, ರೈಲು ಹತ್ತುವ ಮುನ್ನ, ಫಾರಂಗಳನ್ನು ಮಾನ್ಯ ಮಾಡಿಸಿಕೊಳ್ಳಬೇಕು. ಇದರ ಇನ್ನೊಂದು ಮುಖವೆಂದರೆ, 2020ರ ಡಿಸೆಂಬರ್ 31ಕ್ಕೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ಗಳಲ್ಲಿ ಪ್ರವಾಸಿಗರ ತೆರಿಗೆ ಮರುಪಾವತಿ ವ್ಯವಸ್ಥೆಯೇ ಮುಗಿಯಿತು. ಲಂಡನ್ನಿಗೆ ಹೋಗುವವರು ಹೀಥ್ರೂನಲ್ಲಿ ತೆರಿಗೆ ಮರುಪಾವತಿಯ ಕೌಂಟರನ್ನು ಹುಡುಕಿ ಸಮಯ ಕಳೆಯಬೇಕಾಗಿಲ್ಲ. ಅಲ್ಲಿನ ಅಂಗಡಿಯೇ ವಸ್ತುವನ್ನು ನೇರವಾಗಿ ವಿದೇಶದ ವಿಳಾಸಕ್ಕೆ ಕಳುಹಿಸಿಕೊಟ್ಟರೆ ಮಾತ್ರ ತೆರಿಗೆ ಬಿಡಲು ಅವಕಾಶ ಉಳಿದಿದೆ.

ಫ್ರಾನ್ಸಿನಲ್ಲಿ ಕೊಳ್ಳುವವರಿಗೆ 16 ವರ್ಷ ಮೀರಿರಬೇಕು, ಅವರ ವಾಸ್ತವ್ಯ ಆರು ತಿಂಗಳಿಗಿಂತ ಕಡಿಮೆಯದಾಗಿರಬೇಕು.

ಎಷ್ಟಕ್ಕೆ ಕೊಂಡರೆ, ಎಷ್ಟು ಮರಳುತ್ತದೆ

ಪ್ರತಿಯೊಂದು ದೇಶವೂ ಕನಿಷ್ಠ ಖರೀದಿಯ ಮೊತ್ತವನ್ನು ತಾನೇ ಗೊತ್ತುಮಾಡುತ್ತದೆ. ಫ್ರಾನ್ಸಿನಲ್ಲಿ ತೆರಿಗೆಯೂ ಸೇರಿದಂತೆ ಖರೀದಿಯು 100 ಯೂರೋವನ್ನು ಮೀರಬೇಕು, ಜರ್ಮನಿಯಲ್ಲಿ 50 ಯೂರೋ ಮೀರಿದರೆ ಸಾಕು. ಇಟಲಿಯಲ್ಲಿ ಈ ಮಿತಿ ಹಿಂದೆ ಸುಮಾರು 155 ಯೂರೋ ಇದ್ದು, 2024ರ ಫೆಬ್ರವರಿಯಿಂದ 70 ಯೂರೋಗೆ ಇಳಿದಿದೆ. ಸ್ಪೇನ್ 2018ರಲ್ಲಿ ಕನಿಷ್ಠ ಮಿತಿಯನ್ನೇ ತೆಗೆದುಹಾಕಿತು. ಸಾಮಾನ್ಯ ತೆರಿಗೆ ದರ ಫ್ರಾನ್ಸಿನಲ್ಲಿ ಶೇ 20, ಜರ್ಮನಿಯಲ್ಲಿ ಶೇ 19, ಇಟಲಿಯಲ್ಲಿ ಶೇ 22, ಸ್ಪೇನಿನಲ್ಲಿ ಶೇ 21 ಇದೆ. ಪುಸ್ತಕ, ಆಹಾರ ಪದಾರ್ಥಗಳಂಥವುಗಳ ಮೇಲೆ ದರ ಕಡಿಮೆ ಇರುವುದರಿಂದ ಅವುಗಳಿಂದ ಮರಳುವುದೂ ಕಡಿಮೆ.

ಲೆಕ್ಕದಲ್ಲಿ ಬಹಳ ಮಂದಿ ಎಡವುವ ಜಾಗ ಇಲ್ಲಿದೆ. ಶೇ 20 ತೆರಿಗೆ ಎಂದರೆ ಕೊಟ್ಟ ಹಣದ ಐದನೆಯ ಒಂದು ಭಾಗ ಎಂದು ಎಣಿಸುವುದು ತಪ್ಪು. ತೆರಿಗೆಯನ್ನು ಮೂಲ ಬೆಲೆಯ ಮೇಲೆ ಹಾಕಲಾಗಿರುತ್ತದೆ. 1,000 ಯೂರೋ ಮೂಲ ಬೆಲೆಗೆ 200 ಸೇರಿ 1,200 ಆಗಿರುತ್ತದೆ. ಹಾಗಾಗಿ ಕೊಟ್ಟ ಹಣದಲ್ಲಿ ತೆರಿಗೆಯ ಪಾಲು ಆರನೆಯ ಒಂದು ಭಾಗ, ಅಂದರೆ ಶೇ 16.67. ಅಷ್ಟೂ ಪ್ರವಾಸಿಯ ಕೈಗೆ ಬರುವುದಿಲ್ಲ. ಹೆಚ್ಚಿನ ಅಂಗಡಿಗಳು ಈ ಕೆಲಸವನ್ನು ಗ್ಲೋಬಲ್ ಬ್ಲೂ, ಪ್ಲಾನೆಟ್ ಮುಂತಾದ ಮಧ್ಯವರ್ತಿ ಕಂಪನಿಗಳಿಗೆ ಒಪ್ಪಿಸಿರುತ್ತವೆ, ಅವು ತಮ್ಮ ಶುಲ್ಕವನ್ನು ಮುರಿದುಕೊಳ್ಳುತ್ತವೆ. ಫ್ರಾನ್ಸಿನಲ್ಲಿ ಕೊಂಡವರಿಗೆ ಸಾಮಾನ್ಯವಾಗಿ ಬೆಲೆಯ ಶೇ 12ರ ಆಸುಪಾಸಿನಲ್ಲಿ ಮರಳುತ್ತದೆ, ಅಂದರೆ ನಮ್ಮ ಕೈಗಡಿಯಾರಕ್ಕೆ ಸುಮಾರು 144 ಯೂರೋ. ಖರೀದಿ ಚಿಕ್ಕದಾದಷ್ಟೂ ಶುಲ್ಕದ ಹೊರೆ ಹೆಚ್ಚು. ಆದ್ದರಿಂದ ಐದಾರು ಅಂಗಡಿಗಳಲ್ಲಿ ಚೂರುಚೂರಾಗಿ ಕೊಳ್ಳುವುದಕ್ಕಿಂತ ಒಂದೇ ಅಂಗಡಿಯಲ್ಲಿ, ಒಬ್ಬರ ಹೆಸರಿನಲ್ಲಿ, ಒಟ್ಟಾಗಿ ಕೊಳ್ಳುವುದು ಲಾಭಕರ.

ಹೋಟೆಲ್ ಕೋಣೆ, ಊಟ, ರೈಲು ಟಿಕೆಟ್‌ಗಳಿಗೆ ಇದು ಅನ್ವಯಿಸುವುದಿಲ್ಲ, ಏಕೆಂದರೆ ಅವು ಅಲ್ಲಿಯೇ ಮುಗಿದುಹೋಗುವ ಸೇವೆಗಳು. ಫ್ರಾನ್ಸಿನಲ್ಲಿ ತಂಬಾಕು, ಪೆಟ್ರೋಲಿಯಂ ಉತ್ಪನ್ನಗಳು, ಆಯುಧಗಳು ಮತ್ತು ವ್ಯಾಪಾರದ ಪ್ರಮಾಣದಲ್ಲಿ ಕೊಂಡ ಸರಕುಗಳು ಕೂಡ ಹೊರಗುಳಿಯುತ್ತವೆ.

ಅಂಗಡಿಯಲ್ಲಿ ಮಾಡಬೇಕಾದದ್ದು

ಮೊದಲ ಕೆಲಸವೆಂದರೆ, ವಸ್ತುವನ್ನು ಆರಿಸುವ ಮುನ್ನವೇ ಅಂಗಡಿಯವರು ತೆರಿಗೆ ಮರುಪಾವತಿಯ ಫಾರಂ ಕೊಡುತ್ತಾರೆಯೇ ಎಂದು ಕೇಳುವುದು. ಕೊಡಲೇಬೇಕೆಂಬ ಕಡ್ಡಾಯ ಫ್ರಾನ್ಸಿನ ಅಂಗಡಿಗಳಿಗಿಲ್ಲ. ಅಲ್ಲಿ ಇದನ್ನು ‘ದೇತಾಕ್ಸ್’ ಎನ್ನುತ್ತಾರೆ, ಆ ಒಂದು ಪದ ಹೇಳಿದರೆ ಭಾಷೆ ಬಾರದಿದ್ದರೂ ಕೆಲಸ ನಡೆಯುತ್ತದೆ.

ಎರಡನೆಯದಾಗಿ, ಪಾಸ್‌ಪೋರ್ಟಿನ ಮೂಲಪ್ರತಿ ಜೊತೆಯಲ್ಲಿರಬೇಕು. ಫಾರಂ ತುಂಬಿಸುವುದು ಖರೀದಿಯ ಹೊತ್ತಿನಲ್ಲಿಯೇ. ನಾಳೆ ಬಂದು ಮಾಡಿಸಿಕೊಳ್ಳುತ್ತೇನೆ ಎಂದು ಹೊರಟರೆ ಆ ಅವಕಾಶ ಸಿಗುತ್ತದೆಂಬ ಖಾತ್ರಿ ಇಲ್ಲ. ಗಂಡನ ಬಿಲ್ಲು 60 ಯೂರೋ, ಹೆಂಡತಿಯ ಬಿಲ್ಲು 60 ಯೂರೋ ಇದ್ದರೆ ಎರಡನ್ನೂ ಕೂಡಿಸಿ ನೂರರ ಮಿತಿಯನ್ನು ದಾಟಿಸಲು ಬರುವುದಿಲ್ಲ, ಏಕೆಂದರೆ ಫಾರಂ ಒಬ್ಬ ಖರೀದಿದಾರರ ಹೆಸರಿನಲ್ಲಿರುತ್ತದೆ. ಒಬ್ಬರೇ ಒಂದೇ ಹೆಸರಿನ ಅಂಗಡಿಯಲ್ಲಿ ಮೂರು ದಿನಗಳೊಳಗೆ ಮಾಡಿದ ಖರೀದಿಗಳನ್ನು ಫ್ರಾನ್ಸಿನಲ್ಲಿ ಕೂಡಿಸಬಹುದು. ಗ್ಯಾಲರೀ ಲಾಫಾಯೆತ್‌ನಂಥ ಬೃಹತ್ ಮಳಿಗೆಯೊಳಗೆ ಬೇರೆಬೇರೆ ವಿಭಾಗಗಳಲ್ಲಿ ಕೊಂಡದ್ದನ್ನೂ ಒಟ್ಟುಗೂಡಿಸಿ ಒಂದೇ ಫಾರಂ ಮಾಡಿಸಬಹುದಾದ್ದರಿಂದ, ಮನೆಯವರಿಗೆಲ್ಲ ಸಣ್ಣಪುಟ್ಟ ಉಡುಗೊರೆ ಕೊಳ್ಳುವವರಿಗೆ ಅಂಥ ಜಾಗ ಅನುಕೂಲ.

ಫಾರಂ ಕೈಗೆ ಬಂದ ಕೂಡಲೇ ಹೆಸರಿನ ಅಕ್ಷರಗಳು, ಪಾಸ್‌ಪೋರ್ಟ್ ಸಂಖ್ಯೆ, ದೇಶ, ಕಾರ್ಡ್ ಸಂಖ್ಯೆ ಇವನ್ನು ಅಲ್ಲಿಯೇ ನಿಂತು ಓದಬೇಕು. ನಮ್ಮ ಹೆಸರುಗಳಲ್ಲಿ ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್‌ಗಳು ಸೇರಿಕೊಂಡಿರುವುದರಿಂದ ಅಲ್ಲಿನ ಮಾರಾಟಗಾರರು ಯಾವುದನ್ನು ಕುಟುಂಬದ ಹೆಸರೆಂದು ಬರೆಯಬೇಕೆಂದು ತಿಳಿಯದೆ ತಪ್ಪು ಮಾಡುವುದುಂಟು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಫಾರಮಿಗೆ ಸಹಿ ಹಾಕಿ, ಅದರ ಜೊತೆಗೆ ಮೂಲ ರಸೀದಿಯನ್ನೂ ಇಟ್ಟುಕೊಂಡು, ಎಲ್ಲವನ್ನೂ ಒಂದು ಲಕೋಟೆಯಲ್ಲಿ ಸೇರಿಸಿಡಬೇಕು.

ಕೆಲವು ಅಂಗಡಿಗಳು ಹಣವನ್ನು ಅಲ್ಲಿಯೇ, ಆಗಲೇ ಕೊಡುವ ಏರ್ಪಾಡನ್ನು ಮುಂದಿಡುತ್ತವೆ. ಅದಕ್ಕೆ ಕ್ರೆಡಿಟ್ ಕಾರ್ಡಿನ ಭದ್ರತೆ ಕೇಳುತ್ತಾರೆ. ಹಣ ಕೈಸೇರಿತು, ಕೆಲಸ ಮುಗಿಯಿತು ಎಂದು ಭಾವಿಸಿ ವಿಮಾನ ನಿಲ್ದಾಣದಲ್ಲಿ ಫಾರಂ ಮಾನ್ಯ ಮಾಡಿಸದೆ ಬಂದರೆ, ಗೊತ್ತುಪಡಿಸಿದ ಅವಧಿ ಮುಗಿದೊಡನೆ ಆ ಹಣವನ್ನು ಕಾರ್ಡಿನಿಂದ ದಂಡಸಹಿತ ಎಳೆದುಕೊಳ್ಳುತ್ತಾರೆ.

ಕೊಂಡ ವಸ್ತುವನ್ನು ಊರು ಸೇರುವವರೆಗೆ ಬಳಸಬೇಡಿ, ಅದರ ಚೀಟಿ, ಪೊಟ್ಟಣಗಳನ್ನು ತೆಗೆಯಬೇಡಿ. ಕೊಂಡ ತಿಂಗಳನ್ನು ಬಿಟ್ಟು ಮೂರನೆಯ ತಿಂಗಳ ಕೊನೆಯ ದಿನದೊಳಗೆ ಅದು ಒಕ್ಕೂಟದ ಹೊರಗೆ ಹೋಗಬೇಕು. ಮೇ 10ರಂದು ಕೊಂಡದ್ದಕ್ಕೆ ಆಗಸ್ಟ್ 31 ಕೊನೆಯ ದಿನ. ಎರಡು ವಾರದ ಪ್ರವಾಸಿಗೆ ಇದರ ಚಿಂತೆಯಿಲ್ಲ, ಮಕ್ಕಳ ಮನೆಯಲ್ಲಿ ಮೂರು ತಿಂಗಳು ಉಳಿಯುವ ಹಿರಿಯರು ಮಾತ್ರ ದಿನ ಎಣಿಸಿಕೊಂಡು ಕೊಳ್ಳಬೇಕು.

ವಿಮಾನ ನಿಲ್ದಾಣದಲ್ಲಿ: ಸೂಟ್‌ಕೇಸ್ ಕೈಬಿಡುವ ಮುನ್ನ

ಎಲ್ಲವೂ ನಿರ್ಧಾರವಾಗುವುದು ಇಲ್ಲಿಯೇ. ಮಾಮೂಲಿಗಿಂತ ಕನಿಷ್ಠ ಒಂದು ಗಂಟೆ, ರಜಾದಿನಗಳ ಹೊತ್ತಿನಲ್ಲಿ ಎರಡು ಗಂಟೆ ಮುಂಚಿತವಾಗಿ ತಲುಪಬೇಕೆಂಬುದು ನನ್ನ ಸಲಹೆ. ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ ‘ದೇತಾಕ್ಸ್’ ಎಂಬ ಫಲಕವನ್ನು ಹಿಡಿದು ಹೊರಟರೆ ‘ಪ್ಯಾಬ್ಲೊ’ ಎಂಬ ಹೆಸರಿನ ಯಂತ್ರಗಳು ಸಿಗುತ್ತವೆ. ಯಂತ್ರದಲ್ಲಿ ಇಂಗ್ಲಿಷ್ ಭಾಷೆಯನ್ನು ಆರಿಸಿಕೊಂಡು, ಫಾರಮಿನ ಬಾರ್‌ಕೋಡನ್ನು ಅದರ ಕಣ್ಣಿನ ಕೆಳಗೆ ಹಿಡಿಯಬೇಕು. ಹಸಿರು ಪರದೆಯೊಂದಿಗೆ ಫಾರಂ ಮಾನ್ಯವಾಗಿದೆ ಎಂಬ ಸಂದೇಶ ಬಂದರೆ ಕಸ್ಟಮ್ಸ್ ಕೆಲಸ ಮುಗಿಯಿತು, ಮುದ್ರೆಯ ಅಗತ್ಯವೂ ಇಲ್ಲ. ಹಲವು ಫಾರಂಗಳಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ಓದಿಸಬೇಕು, ಪ್ರತಿಯೊಂದಕ್ಕೂ ಹಸಿರು ಬಂದಿದೆಯೇ ಎಂದು ನೋಡಬೇಕು. ಕೆಂಪು ಬಂದರೆ ಗಾಬರಿಯಾಗಬೇಕಾಗಿಲ್ಲ: ಪಕ್ಕದ ಕಸ್ಟಮ್ಸ್ ಕೌಂಟರಿಗೆ ಹೋಗಿ ಫಾರಂ, ಪಾಸ್‌ಪೋರ್ಟ್, ಪ್ರಯಾಣದ ಟಿಕೆಟ್ ಮತ್ತು ವಸ್ತುಗಳನ್ನು ತೋರಿಸಿದರೆ ಅಧಿಕಾರಿ ಪರಿಶೀಲಿಸಿ ಮಾನ್ಯ ಮಾಡುತ್ತಾರೆ. ಈ ಪರಿಶೀಲನೆಗೆ ಕರೆಸಿಕೊಳ್ಳುವ ಸಾಧ್ಯತೆ ಪ್ರತಿಯೊಬ್ಬರಿಗೂ ಇರುವುದರಿಂದಲೇ ಸೂಟ್‌ಕೇಸ್ ಆಗ ಕೈಯಲ್ಲಿರಬೇಕು. ಕೊಂಡವರೇ ಖುದ್ದಾಗಿ ಹೋಗಬೇಕು. ಹೆಂಡತಿಯ ಫಾರಂ ಹಿಡಿದು ಗಂಡ, ಗುಂಪಿನ ಎಲ್ಲರ ಫಾರಂ ಹಿಡಿದು ಮಾರ್ಗದರ್ಶಿ ಹೋಗುವ ಹಾಗಿಲ್ಲ.

ಜರ್ಮನಿಯ ಕ್ರಮ ಸ್ವಲ್ಪ ಬೇರೆ. ಫ್ರಾಂಕ್‌ಫರ್ಟಿನಲ್ಲಿ, ಕೊಂಡ ವಸ್ತುಗಳು ಸೂಟ್‌ಕೇಸಿನಲ್ಲಿದ್ದರೆ, ಮೊದಲು ವಿಮಾನ ಸಂಸ್ಥೆಯ ಕೌಂಟರಿಗೆ ಹೋಗಿ ಇದರಲ್ಲಿ ಕಸ್ಟಮ್ಸ್‌ಗೆ ತೋರಿಸಬೇಕಾದ ವಸ್ತುಗಳಿವೆ ಎಂದು ಬಾಯಿಬಿಟ್ಟು ಹೇಳಬೇಕು. ಅವರು ಬೋರ್ಡಿಂಗ್ ಪಾಸ್ ಕೊಟ್ಟು, ಸೂಟ್‌ಕೇಸಿಗೆ ಚೀಟಿ ಅಂಟಿಸಿ, ಅದನ್ನು ನಮಗೇ ಹಿಂದಿರುಗಿಸುತ್ತಾರೆ. ಅದನ್ನು ಕಸ್ಟಮ್ಸ್ ಕೌಂಟರಿಗೆ ಒಯ್ದು ತೋರಿಸಿ ಫಾರಮಿನ ಮೇಲೆ ಮುದ್ರೆ ಹಾಕಿಸಿಕೊಂಡ ಮೇಲೆ, ಸೂಟ್‌ಕೇಸ್ ಅಲ್ಲಿಂದಲೇ ವಿಮಾನಕ್ಕೆ ಹೋಗುತ್ತದೆ. ಕಸ್ಟಮ್ಸ್‌ಗೆ ಜರ್ಮನ್ನಿನಲ್ಲಿ ‘ತ್ಸೋಲ್’, ಇಟಾಲಿಯನ್ನಿನಲ್ಲಿ ‘ದೊಗಾನಾ’, ಫ್ರೆಂಚಿನಲ್ಲಿ ‘ದುವಾನ್’ ಎಂಬ ಹೆಸರುಗಳಿವೆ. ಫಲಕ ಓದುವಾಗ ಈ ಮೂರು ಪದಗಳು ನೆನಪಿನಲ್ಲಿದ್ದರೆ ಅಲೆದಾಟ ತಪ್ಪುತ್ತದೆ.

ಬೆಂಗಳೂರಿಗೆ ಪ್ಯಾರಿಸ್ಸಿನಿಂದಲೂ ಫ್ರಾಂಕ್‌ಫರ್ಟಿನಿಂದಲೂ ನೇರ ವಿಮಾನಗಳಿವೆ. ನೇರವಾಗಿ ಬರುವವರಿಗೆ ಗೊಂದಲವಿಲ್ಲ. ಆದರೆ ಪ್ಯಾರಿಸ್ಸಿನಲ್ಲಿ ವಿಮಾನ ಹತ್ತಿ, ಫ್ರಾಂಕ್‌ಫರ್ಟಿನಲ್ಲಿ ಇಳಿದು, ಅಲ್ಲಿಂದ ಬೆಂಗಳೂರಿನ ವಿಮಾನ ಹಿಡಿಯುವವರು ಎಲ್ಲಿ ಮಾನ್ಯ ಮಾಡಿಸಬೇಕು? ನಿಯಮದ ಪ್ರಕಾರ ಒಕ್ಕೂಟವನ್ನು ಬಿಡುವ ಕೊನೆಯ ಜಾಗದಲ್ಲಿ. ವಸ್ತು ಕೈಚೀಲದಲ್ಲಿದ್ದರೆ ಆ ಜಾಗ ಫ್ರಾಂಕ್‌ಫರ್ಟ್. ವಸ್ತು ಸೂಟ್‌ಕೇಸಿನಲ್ಲಿದ್ದು, ಆ ಸೂಟ್‌ಕೇಸ್ ಪ್ಯಾರಿಸ್ಸಿನಿಂದ ನೇರ ಬೆಂಗಳೂರಿನವರೆಗೆ ಚೆಕ್‌ಇನ್ ಆಗುತ್ತಿದ್ದರೆ, ಫ್ರಾಂಕ್‌ಫರ್ಟಿನಲ್ಲಿ ಅದು ನಮ್ಮ ಕೈಗೆ ಸಿಗುವುದಿಲ್ಲವಾದ್ದರಿಂದ ಪ್ಯಾರಿಸ್ಸಿನಲ್ಲಿಯೇ ಮುಗಿಸಬೇಕು. ಪ್ರಯಾಣದ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟುವಾಗಲೇ ಈ ಲೆಕ್ಕ ಹಾಕಿ, ಬೆಲೆಬಾಳುವ ಚಿಕ್ಕ ವಸ್ತುಗಳನ್ನು ಒಂದೇ ಕಡೆ ಇಡುವುದು ಒಳ್ಳೆಯದು. ಅರ್ಧ ಇಲ್ಲಿ, ಅರ್ಧ ಅಲ್ಲಿ ಇಟ್ಟರೆ ಎರಡು ನಿಲ್ದಾಣಗಳಲ್ಲಿ ಎರಡು ಸರದಿ ನಿಲ್ಲಬೇಕಾಗುತ್ತದೆ. ಸುಗಂಧ ದ್ರವ್ಯದ ದೊಡ್ಡ ಸೀಸೆಗಳನ್ನು ಕೈಚೀಲದಲ್ಲಿ ಒಯ್ಯಲು ಭದ್ರತೆಯವರು ಬಿಡುವುದಿಲ್ಲ ಎಂಬುದನ್ನೂ ಮರೆಯಬಾರದು. ದುಬೈ ಅಥವಾ ದೋಹಾ ಮೂಲಕ ಬರುವವರಿಗೆ ಯುರೋಪಿನಲ್ಲಿ ವಿಮಾನ ಹತ್ತುವ ಊರೇ ಕೊನೆಯ ಜಾಗ.

ಸ್ವಿಟ್ಜರ್ಲೆಂಡ್ ಸೇರಿದ ಪ್ರವಾಸವಾದರೆ

ಕರ್ನಾಟಕದಿಂದ ಹೊರಡುವ ಯುರೋಪ್ ಪ್ರವಾಸಗಳಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಒಂದೇ ಸರಣಿಯಲ್ಲಿ ಬರುವುದು ತುಂಬ ಸಾಮಾನ್ಯ. ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕಾಗುವುದರಿಂದ ಮೂರೂ ಒಂದೇ ಒಕ್ಕೂಟಕ್ಕೆ ಸೇರಿದವೆಂಬ ಭಾವನೆ ಮೂಡುತ್ತದೆ. ವೀಸಾದ ಮಟ್ಟಿಗೆ ಅದು ನಿಜ, ತೆರಿಗೆಯ ಮಟ್ಟಿಗೆ ನಿಜವಲ್ಲ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲ, ಅದರ ಕಸ್ಟಮ್ಸ್ ವ್ಯವಸ್ಥೆಯೂ ಬೇರೆ. ಪ್ಯಾರಿಸ್ಸಿನಲ್ಲಿ ಕೊಂಡು, ಬಸ್ಸಿನಲ್ಲೋ ರೈಲಿನಲ್ಲೋ ಸ್ವಿಟ್ಜರ್ಲೆಂಡಿಗೆ ಹೋಗಿ, ಜ್ಯೂರಿಕ್‌ನಿಂದಲೇ ಊರಿಗೆ ವಿಮಾನ ಹತ್ತುವವರು ಒಕ್ಕೂಟವನ್ನು ಬಿಡುವುದು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗಳ ಗಡಿಯಲ್ಲಿ. ಫಾರಂ ಮಾನ್ಯವಾಗಬೇಕಾದದ್ದೂ ಅಲ್ಲಿಯೇ. ಜ್ಯೂರಿಕ್ ನಿಲ್ದಾಣದ ಸ್ವಿಸ್ ಅಧಿಕಾರಿಗಳು ಫ್ರಾನ್ಸಿನ ಫಾರಮಿಗೆ ಮುದ್ರೆ ಹಾಕುವುದಿಲ್ಲ. ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯೇ ಇಲ್ಲದಿರುವುದರಿಂದ ಬಸ್ಸು ನಿಲ್ಲದೆ ಸಾಗಿಬಿಡುತ್ತದೆ, ಗಡಿ ದಾಟಿದ್ದು ಒಳಗೆ ಕುಳಿತವರ ಅರಿವಿಗೇ ಬರುವುದಿಲ್ಲ. ಹಾಗಾಗಿ ಹೊರಡುವ ಬೆಳಿಗ್ಗೆಯೇ ಪ್ರವಾಸದ ವ್ಯವಸ್ಥಾಪಕರಿಗೆ ಹೇಳಿ, ಕಸ್ಟಮ್ಸ್ ಕಚೇರಿ ಇರುವ ಗಡಿಠಾಣೆಯಲ್ಲಿ ಬಸ್ಸು ನಿಲ್ಲಿಸುವಂತೆ ಕೇಳಿಕೊಳ್ಳಬೇಕು. ಪ್ರವಾಸ ಮತ್ತೆ ಇಟಲಿಗೆ ಮುಂದುವರಿದು ರೋಮಿನಿಂದಲೋ ಮಿಲಾನಿನಿಂದಲೋ ಊರಿಗೆ ಹೊರಡುವುದಾದರೆ ಆ ವಿಮಾನ ನಿಲ್ದಾಣದಲ್ಲಿ ಮಾಡಿಸಬಹುದು.

ದುಬಾರಿ ವಸ್ತುಗಳನ್ನು ಕೊಳ್ಳುವ ಯೋಜನೆ ಇದ್ದರೆ, ವಿಮಾನ ಹತ್ತುವ ದೇಶದಲ್ಲಿಯೇ, ಪ್ರವಾಸದ ಕೊನೆಯ ಎರಡು ದಿನಗಳಲ್ಲಿ ಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ.

ಸ್ವಿಟ್ಜರ್ಲೆಂಡಿನಲ್ಲಿಯೇ ಕೊಂಡದ್ದಕ್ಕೆ ಅಲ್ಲಿನದೇ ನಿಯಮ. ಅಲ್ಲಿ ತೆರಿಗೆ ದರ 2024ರಿಂದ ಶೇ 8.1 ಇದೆ, ಒಂದೇ ಅಂಗಡಿಯ ಖರೀದಿ 300 ಫ್ರಾಂಕ್‌ಗಳನ್ನು ಮುಟ್ಟಬೇಕು. ಚಾಕೊಲೇಟಿನ ಬಿಲ್ಲುಗಳು ಅಲ್ಲಿಯವರೆಗೆ ಏರುವುದು ಅಪರೂಪ, ಇದು ಮುಖ್ಯವಾಗಿ ಗಡಿಯಾರ ಕೊಳ್ಳುವವರಿಗೆ ಉಪಯೋಗ.

ಹಣವನ್ನು ಯಾವ ರೂಪದಲ್ಲಿ ಪಡೆಯಬೇಕು

ನಗದು ಅಥವಾ ಕಾರ್ಡು, ಎರಡು ದಾರಿಗಳಿವೆ. ನಗದು ಕೌಂಟರಿನಲ್ಲಿ ಹಣ ಆಗಲೇ ಕೈಗೆ ಬರುತ್ತದೆ, ಆದರೆ ಅದಕ್ಕೆ ಪ್ರತ್ಯೇಕ ಶುಲ್ಕ ಮುರಿಯುತ್ತಾರೆ, ಸರದಿಯೂ ಉದ್ದ. ರೂಪಾಯಿಯಲ್ಲಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಅವರ ವಿನಿಮಯ ದರದಲ್ಲಿ ಕಳೆದುಕೊಳ್ಳುವುದು ಕಡಿಮೆಯೇನಲ್ಲ. ನಾನು ಈಗ ಕಾರ್ಡನ್ನೇ ಆರಿಸುತ್ತೇನೆ. ಪ್ರವಾಸ ಮುಗಿದ ಮೇಲೆ ಮುಚ್ಚಿಬಿಡುವ ಪ್ರೀಪೇಯ್ಡ್ ವಿದೇಶಿ ವಿನಿಮಯ ಕಾರ್ಡಿನ ಬದಲು, ಮುಂದೆಯೂ ಬಳಸುವ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಕೊಟ್ಟರೆ ಹಣ ದಾರಿ ತಪ್ಪುವುದಿಲ್ಲ.

ಪ್ಯಾಬ್ಲೊ ಯಂತ್ರದಲ್ಲಿ ಹಸಿರು ಬಂದ ಫಾರಂ ಕಂಪನಿಗೆ ತಾನಾಗಿಯೇ ತಿಳಿಯುತ್ತದೆ. ಕೈಯಿಂದ ಮುದ್ರೆ ಹಾಕಿಸಿಕೊಂಡ ಫಾರಮನ್ನಾದರೋ ಅಂಗಡಿಯವರು ಕೊಟ್ಟ ಲಕೋಟೆಯಲ್ಲಿ ಹಾಕಿ ನಿಲ್ದಾಣದಲ್ಲಿರುವ ಪೆಟ್ಟಿಗೆಗೆ ಹಾಕಬೇಕು. ಹಾಕುವ ಮುನ್ನ ಮುದ್ರೆ ಕಾಣುವಂತೆ ಪ್ರತಿಯೊಂದು ಫಾರಮಿನ ಫೋಟೊ ತೆಗೆದುಕೊಳ್ಳುವುದನ್ನು ತಪ್ಪಿಸಬೇಡಿ. ಹಣ ವಾರಗಳು ಕಳೆದರೂ ಬರದಿದ್ದಾಗ ಕಂಪನಿಯ ಜಾಲತಾಣದಲ್ಲಿ ಫಾರಂ ಸಂಖ್ಯೆ ಹಾಕಿ ವಿಚಾರಿಸಬಹುದು, ಲಕೋಟೆ ಕಳೆದುಹೋಗಿದ್ದರೆ ನಮ್ಮ ಪರವಾಗಿ ಮಾತನಾಡುವ ಪುರಾವೆ ಆ ಫೋಟೊ ಒಂದೇ.

ಊರಿಗೆ ಬಂದಿಳಿದಾಗ

ಅಲ್ಲಿ ತೆರಿಗೆ ಮರಳಿ ಪಡೆದ ಮಾತ್ರಕ್ಕೆ ಇಲ್ಲಿನ ಸುಂಕ ತಪ್ಪುವುದಿಲ್ಲ. ಭಾರತಕ್ಕೆ ಮರಳುವ ಪ್ರತಿಯೊಬ್ಬ ಪ್ರಯಾಣಿಕರಿಗೂ ಸುಂಕವಿಲ್ಲದೆ ತರಬಹುದಾದ ವಸ್ತುಗಳ ಮೌಲ್ಯಕ್ಕೆ ಒಂದು ಮಿತಿ ಇದೆ. ಹೊರಡುವ ಮುನ್ನ ಭಾರತೀಯ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಆ ಹೊತ್ತಿನ ಮೊತ್ತವನ್ನು ನೋಡಿಕೊಳ್ಳಬೇಕು. ಈ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ. ಗಂಡ ಹೆಂಡತಿಯರ ಮಿತಿಗಳನ್ನು ಕೂಡಿಸಿ ಒಂದು ದುಬಾರಿ ಗಡಿಯಾರವನ್ನು ಅದರೊಳಗೆ ತರಲು ನಿಯಮ ಒಪ್ಪುವುದಿಲ್ಲ. 18 ವರ್ಷ ತುಂಬಿದವರು ಒಂದು ಲ್ಯಾಪ್‌ಟಾಪನ್ನು ಇದರ ಹೊರತಾಗಿ ತರಬಹುದು. ಮಿತಿ ಮೀರಿದ್ದನ್ನು ಕೆಂಪು ದಾರಿಯಲ್ಲಿ ಹೋಗಿ ಘೋಷಿಸಿ ಸುಂಕ ಕಟ್ಟಬೇಕು, ಆಗ ಯುರೋಪಿನ ಅಂಗಡಿಯ ಬಿಲ್ಲು ಕೈಯಲ್ಲಿದ್ದರೆ ಮೌಲ್ಯದ ಬಗ್ಗೆ ವಾದ ಬೆಳೆಯುವುದಿಲ್ಲ.

ಆದ್ದರಿಂದ ದೊಡ್ಡ ಖರೀದಿಗೆ ಕೈಹಾಕುವ ಮುನ್ನ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಅಲ್ಲಿನ ಬೆಲೆಯಿಂದ ಶೇ 12 ಕಳೆದ ಮೊತ್ತ, ಅದರ ಮೇಲೆ ಇಲ್ಲಿ ಬೀಳಬಹುದಾದ ಸುಂಕ, ಮತ್ತು ಅದೇ ವಸ್ತುವಿಗೆ ಬೆಂಗಳೂರಿನ ಅಂಗಡಿಯಲ್ಲಿರುವ ಬೆಲೆ. ಮೊದಲೆರಡರ ಮೊತ್ತ ಮೂರನೆಯದಕ್ಕಿಂತ ಹೆಚ್ಚಾದರೆ ಆ ವಸ್ತುವನ್ನು ಇಲ್ಲಿಯೇ ಕೊಳ್ಳುವುದು ಮೇಲು, ವಾರಂಟಿಯೂ ಕೈಯಳತೆಯಲ್ಲಿ ಇರುತ್ತದೆ.